ಸಾಲಿನಲ್ಲಿ ಎಷ್ಟನೆಯದು? ಸ್ಥಾನ ನೋಡಿ ಸ್ಟೈಲ್ ಕೊಡುವ ಸಿಎಸ್‌ಎಸ್ ಸೂಡೋ-ಕ್ಲಾಸ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎಸ್‌ಎಸ್ (ವೆಬ್ ಪುಟ ಹೇಗೆ ಕಾಣಬೇಕು ಎಂದು ಹೇಳುವ ಭಾಷೆ) ಈಗಷ್ಟೇ ಕಲಿಯುತ್ತಿರುವವರೂ, ವರ್ಷಗಳಿಂದ ಬರೆಯುತ್ತಿರುವವರೂ ಎನ್‌ತ್-ಚೈಲ್ಡ್ (ಸಾಲಿನಲ್ಲಿ ಎಷ್ಟನೆಯದು ಎಂದು ನೋಡುವ, ಕೋಲನ್ ಹಾಕಿ ಬರೆಯುವ ಷರತ್ತು, ಅಂದರೆ ಸೂಡೋ-ಕ್ಲಾಸ್) ವಿಷಯಕ್ಕೆ ಬಂದರೆ ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ ಬಂದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಸೆಲೆಕ್ಟರ್‌ಗಳನ್ನು, ಅಂದರೆ ಪುಟದ ಯಾವ ಎಲಿಮೆಂಟ್‌ಗೆ (ಟ್ಯಾಗ್‌ನಿಂದಾದ ತುಂಡಿಗೆ) ಸ್ಟೈಲ್ ಎಂದು ಹೇಳುವ ಭಾಗವನ್ನು, ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿಗೆ ಹಾಕುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಚುಕ್ಕಿ, ಕೋಲನ್, ಬ್ರಾಕೆಟ್, ಅಂಕಿ ಎಲ್ಲ ಇದ್ದ ಹಾಗೇ ಇರಲಿ.

## ಮೊದಲು ತಿಳಿಯಬೇಕಾದದ್ದು

ಬೇಕಾದ ಕಡೆ ಒಂದೊಂದು ಕ್ಲಾಸ್ ಹಾಕಿದ್ರೆ ಸಾಕಲ್ವಾ? ಸೂಡೋ-ಕ್ಲಾಸ್ ಯಾಕೆ ಬೇಕು?

ಎಂದೂ ಬದಲಾಗದ ಪುಟ್ಟ ಲಿಸ್ಟಿಗೆ ಕ್ಲಾಸೇ (ಟ್ಯಾಗ್‌ಗೆ ನಾವೇ ಅಂಟಿಸುವ ಹೆಸರು) ಸಾಕು. ತೊಂದರೆ ಶುರುವಾಗುವುದು ಮಧ್ಯದಲ್ಲಿ ಒಂದು ಹೊಸ ಸಾಲು ಬಂದಾಗ. ಅದರ ಕೆಳಗಿನ ಸಾಲುಗಳೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ. ಅವುಗಳ ಮೇಲೆ ಹಾಕಿದ್ದ "ಸಮ", "ಬೆಸ" ಕ್ಲಾಸ್‌ಗಳು ಮಾತ್ರ ಹಳೆಯವೇ ಇರುತ್ತವೆ. ಮತ್ತೆ ಮೇಲಿಂದ ಕೆಳಗಿನವರೆಗೂ ತಿದ್ದಬೇಕು. ಸೂಡೋ-ಕ್ಲಾಸ್ ಬರೆದಿದ್ದರೆ ಆ ಎಣಿಕೆಯನ್ನು ಬ್ರೌಸರೇ ಹೊಸದಾಗಿ ಮಾಡಿಕೊಳ್ಳುತ್ತದೆ.

ಹಾಗಂತ ಎಲ್ಲದಕ್ಕೂ ಇದನ್ನೇ ಬಳಸಬೇಡಿ. ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸ್ಟೈಲ್ ಬೇಕಾಗಿರುವುದು ಆ ಜಾಗಕ್ಕೋ, ಅಲ್ಲಿರುವ ವಿಷಯಕ್ಕೋ? ಸಾಲು ಬಿಟ್ಟು ಸಾಲಿಗೆ ಬಣ್ಣ ಬೇಕೆಂದರೆ ಅದು ಜಾಗದ ಮಾತು. "ತುರ್ತು" ಎಂಬ ಸೂಚನೆ ಕೆಂಪಗೆ ಕಾಣಬೇಕೆಂದರೆ ಅದು ವಿಷಯದ ಮಾತು. ಇವತ್ತು ಆ ಸೂಚನೆ ಮೊದಲನೆಯದಾಗಿರಬಹುದು, ನಾಳೆ ಮೂರನೆಯದಾಗಬಹುದು. ಅದಕ್ಕೆ ಕ್ಲಾಸೇ ಸರಿ.

ನಾನು `ಯುಎಲ್:ಫಸ್ಟ್-ಚೈಲ್ಡ್` ಅಂತ ಬರೆದೆ. ಮೊದಲ ಐಟಂ ಬದಲು ಪೂರ್ತಿ ಲಿಸ್ಟೇ ಬದಲಾಯ್ತು. ಯಾಕೆ?

ಕೋಲನ್‌ಗೆ ಅಂಟಿಕೊಂಡು ಎಡಗಡೆ ಏನಿದೆಯೋ ಅದರ ಬಗ್ಗೆಯೇ ಸೂಡೋ-ಕ್ಲಾಸ್ ಮಾತಾಡುತ್ತದೆ. ಯುಎಲ್ ಅಂದರೆ ಲಿಸ್ಟಿನ ಟ್ಯಾಗ್, ಎಲ್‌ಐ ಅಂದರೆ ಅದರ ಒಂದು ಐಟಂ. ಒಂದು ಎಲಿಮೆಂಟನ್ನು ನೇರವಾಗಿ ಒಳಗಿಟ್ಟುಕೊಂಡದ್ದು ಅದರ ಪೇರೆಂಟ್, ಒಳಗಿರುವುದು ಮಗು. ನೀವು ಬರೆದದ್ದರ ಅರ್ಥ "ತನ್ನ ಪೇರೆಂಟ್‌ಗೆ ಮೊದಲ ಮಗುವಾಗಿರುವ ಯುಎಲ್". ನಿಮಗೆ ಬೇಕಾದದ್ದು "ಯುಎಲ್ ಒಳಗಿನ ಮೊದಲ ಎಲ್‌ಐ". ಅದನ್ನು `ಯುಎಲ್ > ಎಲ್‌ಐ:ಫಸ್ಟ್-ಚೈಲ್ಡ್` ಎಂದು ಬರೆಯಬೇಕು.

ನಡುವೆ ಬಂದ ಒಂದು ಖಾಲಿ ಜಾಗ ಕೂಡ ಅರ್ಥ ಬದಲಿಸುತ್ತದೆ. `ಎಲ್‌ಐ :ಫಸ್ಟ್-ಚೈಲ್ಡ್` ಎಂದು ಕೋಲನ್‌ಗೆ ಮುಂಚೆ ಸ್ಪೇಸ್ ಬಿಟ್ಟರೆ, ಎಲ್‌ಐ ಒಳಗೆ ಎಷ್ಟೇ ಆಳದಲ್ಲಿರಲಿ, ಮೊದಲ ಮಗುವಾಗಿರುವ ಎಲ್ಲವೂ ಸಿಕ್ಕಿಬೀಳುತ್ತವೆ. "ನೇರ ಮಗು" ಎಂದು ಹೇಳುವ `>` ಚಿಹ್ನೆಯನ್ನು ಮರೆತರೂ ಇಂಥದ್ದೇ ಒಂದು ತೊಂದರೆ: ಲಿಸ್ಟಿನೊಳಗೆ ಇನ್ನೊಂದು ಲಿಸ್ಟ್ ಇದ್ದರೆ ಅದರ ಮೊದಲ ಐಟಂಗೂ ಸ್ಟೈಲ್ ಬರುತ್ತದೆ.

ಕೊನೆಯದನ್ನು ಬಿಟ್ಟು ಮಿಕ್ಕ ಎಲ್ಲದರ ಕೆಳಗೂ ಗೆರೆ ಬೇಕು. ಹೇಗೆ?

`ಎಲ್‌ಐ:ನಾಟ್(:ಲಾಸ್ಟ್-ಚೈಲ್ಡ್)` ಎಂದು ಬರೆದು ಕೆಳಗಿನ ಬಾರ್ಡರ್ ಕೊಡಿ. ಎಲ್ಲದಕ್ಕೂ ಗೆರೆ ಕೊಟ್ಟು ಆಮೇಲೆ ಕೊನೆಯದರಿಂದ ತೆಗೆಯುವುದಕ್ಕಿಂತ ಇದು ಚೊಕ್ಕ.

ನನಗೆ ಇನ್ನೂ ಇಷ್ಟವಾದದ್ದು `ಎಲ್‌ಐ + ಎಲ್‌ಐ`. ತನಗಿಂತ ಮುಂಚೆ ಒಂದು ಎಲ್‌ಐ ಇರುವ ಪ್ರತಿ ಎಲ್‌ಐಗೂ ಮೇಲಿನ ಬಾರ್ಡರ್ ಕೊಟ್ಟರೆ ಆಯಿತು. ಗೆರೆ ಎರಡರ ನಡುವೆಯೇ ಬರುತ್ತದೆ. ಐಟಂ ಒಂದೇ ಇದ್ದರೆ ಗೆರೆಯೇ ಇಲ್ಲ. ಬರೀ ಅಂತರ ಸಾಕು, ಗೆರೆ ಬೇಡ ಅನ್ನುವವರು ಸೂಡೋ-ಕ್ಲಾಸ್ ತನಕ ಬರುವುದೇ ಬೇಡ. ಐಟಂಗಳನ್ನು ಜೋಡಿಸುವ ಫ್ಲೆಕ್ಸ್ ಅಥವಾ ಗ್ರಿಡ್ ಲೇಔಟ್‌ನಲ್ಲಿ `ಗ್ಯಾಪ್` ಕೊಟ್ಟು ಬಿಡಿ.

ಒಂದೇ ಒಂದು ಐಟಂ ಇದ್ದಾಗ ಮಾತ್ರ ಬೇರೆ ಥರ ಕಾಣಿಸಬಹುದಾ?

ಆಗುತ್ತದೆ. `:ಓನ್ಲಿ-ಚೈಲ್ಡ್` ಇರುವುದೇ ಅದಕ್ಕೆ. `:ಫಸ್ಟ್-ಚೈಲ್ಡ್:ಲಾಸ್ಟ್-ಚೈಲ್ಡ್` ಎಂದು ಎರಡನ್ನೂ ಜೋಡಿಸಿ ಬರೆದರೂ ಅದು ಹಿಡಿಯುವುದು ಅದೇ ಎಲಿಮೆಂಟನ್ನು.

ಇವೆಲ್ಲ ಹಳೇ ಬ್ರೌಸರ್‌ಗಳಲ್ಲೂ ಕೆಲಸ ಮಾಡ್ತಾವಾ?

`:ಫಸ್ಟ್-ಚೈಲ್ಡ್` 1998ರ ಸಿಎಸ್‌ಎಸ್2 ಕಾಲದ್ದು. ಲಾಸ್ಟ್-ಚೈಲ್ಡ್, ಎನ್‌ತ್-ಚೈಲ್ಡ್, ಟ್ಯಾಗ್ ನೋಡಿ ಎಣಿಸುವ ಆಫ್-ಟೈಪ್ ಬಳಗವೆಲ್ಲ ಸೆಲೆಕ್ಟರ್ಸ್ ಲೆವೆಲ್ 3 ಎಂಬ ನಿಯಮಾವಳಿಯಲ್ಲಿ ಬಂದವು. ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು ಅಂತಿಮ ಶಿಫಾರಸು ಮಾಡಿದ್ದು 2011ರಲ್ಲಿ. ಅದೇ ವರ್ಷ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಕೂಡ ಇವನ್ನು ಒಪ್ಪಿಕೊಂಡಿತು. ಹಾಗಾಗಿ ಇವುಗಳ ಬಗ್ಗೆ ಯೋಚನೆ ಬೇಡ. ಹೊಸ ಸೌಲಭ್ಯಗಳ ವಿಷಯ ಬಂದಾಗ ಆಯಾ ಉತ್ತರದಲ್ಲೇ ಹೇಳಿದ್ದೇನೆ.

## ಸೂತ್ರದ ಲೆಕ್ಕ

`2ಎನ್+1` ಅಂದ್ರೆ ಏನು? ಆ ಎನ್ ಎಲ್ಲಿಂದ ಬರುತ್ತೆ?

ಎನ್ ಅನ್ನುವುದು 0, 1, 2, 3 ಎಂದು ಮುಂದೆ ಹೋಗುವ ಸಂಖ್ಯೆ. ಅದನ್ನು ನೀವು ಕೊಡುವುದಿಲ್ಲ. ಬ್ರೌಸರ್ ಒಂದೊಂದಾಗಿ ಹಾಕಿ ನೋಡುತ್ತದೆ ಎಂದುಕೊಳ್ಳಿ. `2ಎನ್+1`ರಲ್ಲಿ ಎನ್ ಸೊನ್ನೆಯಾದಾಗ 1, ಒಂದಾದಾಗ 3, ಎರಡಾದಾಗ 5. ಅಂದರೆ ಬೆಸ ಸ್ಥಾನಗಳು. ಇದನ್ನೇ `ಆಡ್` ಎಂದೂ ಬರೆಯಬಹುದು. `2ಎನ್` ಎಂದರೆ `ಈವನ್`.

ಇಲ್ಲಿ ಎರಡು ಎಣಿಕೆ ಇವೆ. ಅವನ್ನು ಬೆರೆಸಿದರೆ ತಲೆ ಕೆಡುತ್ತದೆ. ಎನ್ ಸೊನ್ನೆಯಿಂದ ಶುರು. ಎಲಿಮೆಂಟ್‌ಗಳ ಸ್ಥಾನ ಒಂದರಿಂದ ಶುರು. `3ಎನ್`ಗೆ ಮೊದಲು ಬರುವ ಉತ್ತರ 0. ಆ ಸ್ಥಾನದಲ್ಲಿ ಯಾರೂ ಇಲ್ಲ, ಅದು ಸುಮ್ನೆ ಬಿಟ್ಟುಹೋಗುತ್ತದೆ. ಆಮೇಲೆ 3, 6, 9. ಉತ್ತರ ಋಣ ಸಂಖ್ಯೆಯಾದರೂ ಇದೇ ಕಥೆ. ಅದಕ್ಕೇ `3ಎನ್-1` ಮತ್ತು `3ಎನ್+2` ಎರಡೂ 2, 5, 8ನ್ನೇ ಹಿಡಿಯುತ್ತವೆ.

ಓದುವಾಗ ನನಗೆ ಸುಲಭವಾಗುವ ದಾರಿ: ಎನ್‌ ಜೊತೆಗಿನ ಅಂಕಿ "ಎಷ್ಟಕ್ಕೊಂದು" ಅನ್ನುವುದನ್ನು ಹೇಳುತ್ತದೆ. ಕೂಡಿಸುವ ಅಂಕಿ "ಯಾವುದರಿಂದ ಶುರು" ಅನ್ನುವುದನ್ನು. `4ಎನ್+2` ಎಂದರೆ ಎರಡನೆಯದರಿಂದ ಶುರು ಮಾಡಿ ನಾಲ್ಕಕ್ಕೊಂದು.

ಮೊದಲ ಮೂರು ಮಾತ್ರ ಬೇಕು. ಅಥವಾ ನಾಲ್ಕರಿಂದ ಎಂಟರವರೆಗೆ ಬೇಕು. ಅದಕ್ಕೂ ಸೂತ್ರ ಇದೆಯಾ?

ಮೊದಲ ಮೂರಕ್ಕೆ `:ಎನ್‌ತ್-ಚೈಲ್ಡ್(-ಎನ್+3)`. ಎನ್ ಏರಿದಂತೆ ಉತ್ತರ 3, 2, 1, 0 ಎಂದು ಇಳಿಯುತ್ತದೆ. ಒಂದರಾಚೆ ಯಾರೂ ಸಿಗುವುದಿಲ್ಲ. ನಾಲ್ಕರಿಂದ ಮುಂದಿನ ಎಲ್ಲವೂ ಬೇಕೆಂದರೆ `:ಎನ್‌ತ್-ಚೈಲ್ಡ್(ಎನ್+4)`.

ನಾಲ್ಕರಿಂದ ಎಂಟಕ್ಕೆ ಎರಡನ್ನೂ ಅಂಟಿಸಿ: `:ಎನ್‌ತ್-ಚೈಲ್ಡ್(ಎನ್+4):ಎನ್‌ತ್-ಚೈಲ್ಡ್(-ಎನ್+8)`. "ನಾಲ್ಕು ಅಥವಾ ಅದಕ್ಕಿಂತ ಮುಂದೆ" ಮತ್ತು "ಎಂಟು ಅಥವಾ ಅದಕ್ಕಿಂತ ಹಿಂದೆ". ಎರಡೂ ಷರತ್ತು ಪಾಸಾದವು ಮಾತ್ರ ಉಳಿಯುತ್ತವೆ. ಮೂರನೆಯ ಷರತ್ತಾಗಿ `:ಎನ್‌ತ್-ಚೈಲ್ಡ್(ಈವನ್)` ಸೇರಿಸಿದರೆ 4, 6, 8 ಮಾತ್ರ.

ಕೊನೆಯಿಂದ ಎಣಿಸಬೇಕಾದಾಗ `:ಎನ್‌ತ್-ಲಾಸ್ಟ್-ಚೈಲ್ಡ್` ಬಳಸಿ. ಸೂತ್ರ ಅದೇ, ಎಣಿಕೆ ಮಾತ್ರ ಹಿಂದಿನಿಂದ.

ಸೂತ್ರದೊಳಗೆ ವೇರಿಯಬಲ್ ಹಾಕಬಹುದಾ? ಸ್ಪೇಸ್ ಬಿಟ್ಟರೆ ತೊಂದರೆನಾ?

ವೇರಿಯಬಲ್‌ನ ಬೆಲೆ ತರುವ `ವಾರ್` ಅಲ್ಲಿ ನಡೆಯುವುದಿಲ್ಲ. ಕಸ್ಟಮ್ ಪ್ರಾಪರ್ಟಿಗಳು, ಅಂದರೆ ಸಿಎಸ್‌ಎಸ್‌ನ ವೇರಿಯಬಲ್‌ಗಳು, ಸ್ಟೈಲಿನ ಬೆಲೆಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಸೆಲೆಕ್ಟರ್‌ನೊಳಗೆ ಹಾಕಿದರೆ ಆ ಇಡೀ ರೂಲನ್ನೇ ಬ್ರೌಸರ್ ಬಿಟ್ಟುಬಿಡುತ್ತದೆ.

ಸ್ಪೇಸ್ ವಿಷಯಕ್ಕೆ ಬಂದರೆ, ಕೂಡಿಸುವ ಅಥವಾ ಕಳೆಯುವ ಚಿಹ್ನೆಯ ಎರಡೂ ಕಡೆ ಬಿಡಬಹುದು. `2ಎನ್ + 1` ಸರಿ. ಅಂಕಿಗೂ ಎನ್‌ಗೂ ನಡುವೆ ಬಿಡುವಂತಿಲ್ಲ. ಅಂಕಿ ಮೊದಲು ಬರೆದು `1+2ಎನ್` ಅನ್ನುವುದೂ ತಪ್ಪು.

## ಜಾಸ್ತಿ ಜನ ಎಡವುವ ಜಾಗಗಳು

`.ಕಾರ್ಡ್:ಎನ್‌ತ್-ಚೈಲ್ಡ್(1)` ಬರೆದರೆ ಏನೂ ಆಗ್ತಿಲ್ಲ. ಮೊದಲ ಕಾರ್ಡ್ ಕಣ್ಣ ಮುಂದೆನೇ ಇದೆಯಲ್ಲ!

ಬರುವ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಇದೊಂದು ಸರಿಯಾಗಿ ಅರ್ಥವಾದರೆ ಉಳಿದ ಅರ್ಧ ಗೊಂದಲ ತಾನಾಗೇ ಹೋಗುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಸೆಕ್ಷನ್ ಇದೆ ಎಂದುಕೊಳ್ಳಿ. ಅದರೊಳಗೆ ಐದು ಮಕ್ಕಳು, ಈ ಕ್ರಮದಲ್ಲಿ: ಒಂದು ಎಚ್2 ತಲೆಬರಹ, ಒಂದು ಕಾರ್ಡ್, ಒಂದು ಜಾಹೀರಾತು, ಇನ್ನೊಂದು ಕಾರ್ಡ್, ಮತ್ತೊಂದು ಕಾರ್ಡ್. ಕಾರ್ಡ್‌ಗಳೂ ಜಾಹೀರಾತೂ ಡಿವ್ ಎಂಬ ಸಾಮಾನ್ಯ ಪೆಟ್ಟಿಗೆಯ ಟ್ಯಾಗ್‌ಗಳು.

ನಾವು ಆ ಸೆಲೆಕ್ಟರನ್ನು "ಕಾರ್ಡ್‌ಗಳಲ್ಲಿ ಮೊದಲನೆಯದು" ಎಂದು ಓದುತ್ತೇವೆ. ಬ್ರೌಸರ್ ಹಾಗೆ ಓದುವುದಿಲ್ಲ. ಅದು ಒಂದು ಎಲಿಮೆಂಟನ್ನು ಹಿಡಿದು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ನಿನಗೆ ಕಾರ್ಡ್ ಕ್ಲಾಸ್ ಇದೆಯಾ? ನಿನ್ನ ಎಲ್ಲ ಸಿಬ್ಲಿಂಗ್‌ಗಳ (ಒಂದೇ ಪೇರೆಂಟ್‌ನ ಮಕ್ಕಳ) ಪೈಕಿ ನೀನು ಒಂದನೆಯದಾ? ಎರಡಕ್ಕೂ ಹೌದು ಎಂದವರಿಗೆ ಮಾತ್ರ ಸ್ಟೈಲ್. ಒಂದನೇ ಸ್ಥಾನದಲ್ಲಿರುವುದು ಎಚ್2, ಅದಕ್ಕೆ ಕಾರ್ಡ್ ಕ್ಲಾಸ್ ಇಲ್ಲ. ಮೊದಲ ಕಾರ್ಡ್‌ಗೆ ಕ್ಲಾಸ್ ಇದೆ, ಆದರೆ ಅದು ಎರಡನೆಯದು. ಯಾರೂ ಪಾಸಾಗುವುದಿಲ್ಲ.

ಎಡಗಡೆ ಬರೆದ ಕ್ಲಾಸ್ ಎಣಿಕೆಯನ್ನು ಬದಲಿಸುವುದೇ ಇಲ್ಲ ಅನ್ನುವುದು ಇಲ್ಲಿಯ ತಿರುಳು. ಎಣಿಕೆಯಲ್ಲಿ ಎಲ್ಲರೂ ಇರುತ್ತಾರೆ. ಕ್ಲಾಸ್ ಬರೀ ಜರಡಿ. ಇದರ ಇನ್ನೊಂದು ಪರಿಣಾಮ ನೋಡಿ. ಇದೇ ಸೆಕ್ಷನ್‌ನಲ್ಲಿ `.ಕಾರ್ಡ್:ಎನ್‌ತ್-ಚೈಲ್ಡ್(ಈವನ್)` ಬರೆದರೆ ಎರಡನೇ ಮತ್ತು ನಾಲ್ಕನೇ ಸ್ಥಾನದವು ಸಿಗುತ್ತವೆ. ಅವು ಮೊದಲ ಮತ್ತು ಎರಡನೆಯ ಕಾರ್ಡ್! ಕಾರ್ಡ್ ಬಿಟ್ಟು ಕಾರ್ಡ್‌ಗೆ ಬಣ್ಣ ಬರಲಿ ಎಂದರೆ ಹಿಂದೆ-ಮುಂದೆ ಇರುವ ಎರಡಕ್ಕೂ ಒಂದೇ ಬಣ್ಣ ಬಂದಿರುತ್ತದೆ.

ಹಾಗಾದ್ರೆ ಎನ್‌ತ್-ಆಫ್-ಟೈಪ್ ಹಾಕಿದ್ರೆ ಸರಿ ಹೋಗುತ್ತಾ?

ಕೆಲವು ಸಲ ಹೋಗುತ್ತದೆ, ಅದೂ ಅದೃಷ್ಟಕ್ಕೆ. `:ಎನ್‌ತ್-ಆಫ್-ಟೈಪ್` ಎಣಿಸುವುದು ಟ್ಯಾಗ್ ನೋಡಿ, ಕ್ಲಾಸ್ ನೋಡಿ ಅಲ್ಲ. ಮೇಲಿನ ಉದಾಹರಣೆಯಲ್ಲಿ `.ಕಾರ್ಡ್:ಎನ್‌ತ್-ಆಫ್-ಟೈಪ್(1)` ಮೊದಲ ಕಾರ್ಡನ್ನು ಹಿಡಿಯುತ್ತದೆ, ಏಕೆಂದರೆ ಅದು ಮೊದಲ ಡಿವ್. ಇದನ್ನು ನೋಡಿ ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆದರೆ `(2)` ಹಾಕಿ ನೋಡಿ. ಎರಡನೇ ಡಿವ್ ಜಾಹೀರಾತು. ಅದಕ್ಕೆ ಕಾರ್ಡ್ ಕ್ಲಾಸ್ ಇಲ್ಲ. ಮತ್ತೆ ಏನೂ ಸಿಗುವುದಿಲ್ಲ.

ಟ್ಯಾಗ್ ಪ್ರಕಾರವೇ ಎಣಿಸಬೇಕಾದ ಕಡೆ ಇದು ನಿಜಕ್ಕೂ ಒಳ್ಳೆಯದು. ಲೇಖನವೊಂದರಲ್ಲಿ ತಲೆಬರಹ, ಚಿತ್ರ, ಪ್ಯಾರಾ ಕಲಸಿಕೊಂಡಿರುತ್ತವೆ. ಮೊದಲ ಪ್ಯಾರಾ ದೊಡ್ಡ ಅಕ್ಷರದಲ್ಲಿ ಬೇಕೆಂದರೆ `ಪಿ:ಫಸ್ಟ್-ಆಫ್-ಟೈಪ್` ಹೇಳಿ ಮಾಡಿಸಿದಂತಿದೆ.

ಕ್ಲಾಸ್ ಪ್ರಕಾರ ಎಣಿಸೋಕೆ ದಾರಿನೇ ಇಲ್ವಾ?

ಇದೆ. `:ಎನ್‌ತ್-ಚೈಲ್ಡ್(2 ಆಫ್ .ಕಾರ್ಡ್)`. ಇಲ್ಲಿ ಕ್ಲಾಸ್ ಬ್ರಾಕೆಟ್‌ನ ಒಳಗೆ ಹೋಗಿದೆ. ಮೊದಲು ಕಾರ್ಡ್‌ಗಳನ್ನು ಮಾತ್ರ ಆರಿಸಿ, ಆಮೇಲೆ ಅವುಗಳನ್ನು ಎಣಿಸು ಎಂದು ಹೇಳಿದ ಹಾಗೆ. ಐದು ಮಕ್ಕಳ ಆ ಸೆಕ್ಷನ್‌ನಲ್ಲಿ ಇದು ನಾಲ್ಕನೇ ಸ್ಥಾನದ ಎಲಿಮೆಂಟನ್ನು ಹಿಡಿಯುತ್ತದೆ. ಅದೇ ಎರಡನೇ ಕಾರ್ಡ್. `:ಎನ್‌ತ್-ಲಾಸ್ಟ್-ಚೈಲ್ಡ್(1 ಆಫ್ .ಕಾರ್ಡ್)` ಎಂದರೆ ಕೊನೆಯ ಕಾರ್ಡ್. ಎಷ್ಟೋ ವರ್ಷ ಜನ "ಕೊನೆಯ ಕ್ಲಾಸ್" ಬೇಕು ಎಂದು ಕೇಳುತ್ತಿದ್ದುದು ಇದನ್ನೇ.

ಸಫಾರಿಯಲ್ಲಿ ಇದು 2015ರಿಂದಲೂ ಇತ್ತು. ಕ್ರೋಮ್ 111 ಮತ್ತು ಫೈರ್‌ಫಾಕ್ಸ್ 113ರಲ್ಲಿ 2023ರಲ್ಲಿ ಬಂತು. ಅದಕ್ಕಿಂತ ಹಳೆಯ ಬ್ರೌಸರ್‌ಗಳನ್ನು ನೋಡಿಕೊಳ್ಳಬೇಕಿದ್ದರೆ ಈ ಸೆಲೆಕ್ಟರನ್ನು ಬೇರೆ ಸೆಲೆಕ್ಟರ್‌ಗಳ ಜೊತೆ ಕಾಮಾ ಹಾಕಿ ಸೇರಿಸಬೇಡಿ. ಗೊತ್ತಿಲ್ಲದ ಒಂದು ಸೆಲೆಕ್ಟರ್ ಇದ್ದರೂ ಬ್ರೌಸರ್ ಪೂರ್ತಿ ರೂಲನ್ನು ಕೈಬಿಡುತ್ತದೆ. ಬೇರೆ ರೂಲ್ ಆಗಿಯೇ ಬರೆಯಿರಿ.

ಹೊಸ ಕೋಡ್ ಬರೆಯುವವರಿಗೆ ನನ್ನ ಸಲಹೆ: ಕ್ಲಾಸ್ ಮತ್ತು ಸ್ಥಾನ ಎರಡೂ ಒಟ್ಟಿಗೆ ಬೇಕಾದಾಗ ಮೊದಲು ಈ ರೂಪವನ್ನೇ ನೆನೆಯಿರಿ.

ಟೇಬಲ್‌ನಲ್ಲಿ ಸರ್ಚ್ ಮಾಡಿದಾಗ ಕೆಲವು ಸಾಲು ಮರೆಯಾಗುತ್ತವೆ. ಆಗ ಸಾಲು ಬಿಟ್ಟು ಸಾಲಿನ ಬಣ್ಣ ಪೂರಾ ಕೆಡುತ್ತೆ.

`ಡಿಸ್‌ಪ್ಲೇ: ನನ್` ಆದ ಸಾಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಡಾಕ್ಯುಮೆಂಟ್‌ನಲ್ಲಿ ಇದ್ದೇ ಇರುತ್ತದೆ. ಎಣಿಕೆಗೂ ಬರುತ್ತದೆ. ಎರಡನೇ ಮತ್ತು ಮೂರನೇ ಸಾಲು ಮರೆಯಾದರೆ ಒಂದರ ಪಕ್ಕ ನಾಲ್ಕು ಬರುತ್ತದೆ, ಬಣ್ಣ ಸರಿ ಇದೆ ಅನ್ನಿಸುತ್ತದೆ. ಎರಡನೆಯದು ಮಾತ್ರ ಮರೆಯಾದರೆ ಒಂದು, ಮೂರು ಅಕ್ಕಪಕ್ಕ ಬಂದು ಎರಡೂ ಬಿಳಿ.

ಇದಕ್ಕೂ ಆಫ್ ರೂಪವೇ ಮದ್ದು. ಸ್ಕ್ರಿಪ್ಟ್ ಸಾಲನ್ನು ಮರೆಮಾಡುವಾಗ `ಹಿಡನ್` ಆಟ್ರಿಬ್ಯೂಟ್ ಹಾಕಲಿ. ಆಮೇಲೆ `ಟಿಆರ್:ಎನ್‌ತ್-ಚೈಲ್ಡ್(ಈವನ್ ಆಫ್ :ನಾಟ್([ಹಿಡನ್]))` ಎಂದು ಬರೆಯಿರಿ. ಟಿಆರ್ ಅಂದರೆ ಟೇಬಲ್‌ನ ಒಂದು ಸಾಲು. ಸರ್ಚ್ ಬಾಕ್ಸಿನಲ್ಲಿ ಒಂದೊಂದು ಅಕ್ಷರ ಟೈಪ್ ಮಾಡಿದಂತೆ ಉಳಿದ ಸಾಲುಗಳಿಗೆ ಬಣ್ಣ ಸರಿಯಾಗಿ ಹಂಚಿಕೊಳ್ಳುವುದನ್ನು ನೋಡಬಹುದು. ಮೊದಲು ಇದಕ್ಕೆಂದೇ ಜಾವಾಸ್ಕ್ರಿಪ್ಟ್‌ನಲ್ಲಿ ಲೂಪ್ ಬರೆಯಬೇಕಿತ್ತು.

ಟೇಬಲ್ ಬಗ್ಗೆ ಇನ್ನೊಂದು ಮಾತು. ಎಚ್‌ಟಿಎಂಎಲ್‌ನಲ್ಲಿ ನೀವು ಟಿಬಾಡಿ (ಮಾಹಿತಿ ಸಾಲುಗಳನ್ನು ಒಳಗಿಡುವ ಟ್ಯಾಗ್) ಬರೆಯದಿದ್ದರೂ ಪಾರ್ಸರ್ ಅದನ್ನು ತಾನೇ ಸೇರಿಸುತ್ತದೆ. ಆದ್ದರಿಂದ `ಟೇಬಲ್ > ಟಿಆರ್` ಎಂದು ಬರೆದರೆ ಏನೂ ಸಿಗುವುದಿಲ್ಲ. ತಲೆಸಾಲನ್ನು ಟಿಹೆಡ್ ಒಳಗೆ ಇಡಿ. ಆಗ ಅದರ ಪೇರೆಂಟ್ ಬೇರೆಯಾಗುತ್ತದೆ, ಟಿಬಾಡಿಯ ಎಣಿಕೆ ಮೊದಲ ಮಾಹಿತಿ ಸಾಲಿನಿಂದಲೇ ಶುರುವಾಗುತ್ತದೆ. ಕಾಲಂಗೆ ಸ್ಟೈಲ್ ಕೊಡಲು `ಟಿಡಿ:ಎನ್‌ತ್-ಚೈಲ್ಡ್(3)` ಸಾಕು, ಆದರೆ ಸಾಲಿನಲ್ಲಿ ಎಲ್ಲಾದರೂ ಕೋಲ್‌ಸ್ಪ್ಯಾನ್ (ಒಂದೇ ಸೆಲ್ ಹಲವು ಕಾಲಂಗೆ ಹರಡುವುದು) ಇದ್ದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಎಣಿಸುವುದು ಟಿಡಿಗಳನ್ನು, ಕಾಲಂಗಳನ್ನಲ್ಲ.

ಎಲ್ಲ ಐಟಂಗೂ ಫಸ್ಟ್-ಚೈಲ್ಡ್ ಸ್ಟೈಲ್ ಬಂದುಬಿಟ್ಟಿದೆ. ಏನಾಗಿರಬಹುದು?

ಪ್ರತಿಯೊಂದೂ ಬೇರೆ ಬೇರೆ ಡಿವ್ ಒಳಗೆ ಒಬ್ಬಂಟಿಯಾಗಿರುತ್ತದೆ. ಆಗ ಎಲ್ಲವೂ ತಮ್ಮ ತಮ್ಮ ಪೇರೆಂಟ್‌ಗೆ ಮೊದಲ ಮಗುವೇ. ಫ್ರೇಮ್‌ವರ್ಕ್ ಅಥವಾ ಸಿಎಂಎಸ್ (ಪುಟಗಳನ್ನು ತಾನೇ ಕಟ್ಟಿಕೊಡುವ ತಂತ್ರಾಂಶ) ಬಳಸುವಾಗ ಇದು ಬಹಳ ಸಾಮಾನ್ಯ, ಏಕೆಂದರೆ ಆ ಹೊರಗಿನ ಡಿವ್ ಬರೆದವರು ನೀವಲ್ಲ. ಸ್ಟೈಲನ್ನು ಹೊರಗಿನದಕ್ಕೆ ಬರೆದು ಒಳಗೆ ಇಳಿಯಿರಿ: `.ಹೊರಕವಚ:ಫಸ್ಟ್-ಚೈಲ್ಡ್ .ಕಾರ್ಡ್`.

ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. ಪೇರೆಂಟ್ ಒಳಗೆ ಒಂದು ಸ್ಕ್ರಿಪ್ಟ್, ಸ್ಟೈಲ್ ಅಥವಾ ಟೆಂಪ್ಲೇಟ್ ಟ್ಯಾಗ್ ಸೇರಿಕೊಂಡರೆ ಅದೂ ಒಂದು ಮಗು. ಎಲ್ಲರ ಸ್ಥಾನವೂ ಒಂದು ಮುಂದಕ್ಕೆ ಹೋಗುತ್ತದೆ. ಬರಿಯ ಅಕ್ಷರ, ಕಾಮೆಂಟ್, `::ಬಿಫೋರ್`, `::ಆಫ್ಟರ್` ಇವು ಎಣಿಕೆಗೆ ಬರುವುದಿಲ್ಲ.

ಫ್ಲೆಕ್ಸ್‌ನಲ್ಲಿ `ಆರ್ಡರ್` ಕೊಟ್ಟು ಕೊನೆಯದನ್ನು ಮೊದಲಿಗೆ ತಂದೆ. ಈಗ ಅದೇ ಫಸ್ಟ್-ಚೈಲ್ಡ್ ಅಲ್ವಾ?

ಅಲ್ಲ. ಬ್ರೌಸರ್ ನೋಡುವುದು ಡಾಕ್ಯುಮೆಂಟ್‌ನ ಕ್ರಮವನ್ನು. `ಆರ್ಡರ್`, `ರೋ-ರಿವರ್ಸ್`, ಗ್ರಿಡ್‌ನ ಜಾಗ ಬದಲಾವಣೆ, ಆಬ್ಸಲ್ಯೂಟ್ ಪೊಸಿಷನ್, ಯಾವುದೂ ಈ ಎಣಿಕೆಯನ್ನು ಮುಟ್ಟುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವವರಿಗೂ ಸಾಮಾನ್ಯವಾಗಿ ಡಾಕ್ಯುಮೆಂಟ್ ಕ್ರಮವೇ ಕೇಳಿಸುವುದು. ಸಾಧ್ಯವಾದರೆ ಎಚ್‌ಟಿಎಂಎಲ್‌ನಲ್ಲೇ ಕ್ರಮ ಬದಲಿಸಿ. ಎರಡೂ ಸಮಸ್ಯೆ ಒಟ್ಟಿಗೆ ಮುಗಿಯುತ್ತವೆ.

ಇಡೀ ಪುಟದ ಐದನೇ ಚಿತ್ರವನ್ನು ಹಿಡಿಯೋದು ಹೇಗೆ?

ಆ ಚಿತ್ರಗಳಿಗೆಲ್ಲ ಒಂದೇ ಪೇರೆಂಟ್ ಇಲ್ಲದಿದ್ದರೆ ಈ ಸೂಡೋ-ಕ್ಲಾಸ್‌ಗಳಿಂದ ಆಗುವುದಿಲ್ಲ. ಪೇರೆಂಟ್ ಬದಲಾದ ಕೂಡಲೇ ಎಣಿಕೆ ಮತ್ತೆ ಒಂದರಿಂದ ಶುರು. ಸರ್ವರ್‌ನಲ್ಲೋ ಜಾವಾಸ್ಕ್ರಿಪ್ಟ್‌ನಲ್ಲೋ ಎಣಿಸಿ ಕ್ಲಾಸ್ ಹಾಕಿ. ಬರೀ "ಚಿತ್ರ 5" ಎಂದು ಸಂಖ್ಯೆ ತೋರಿಸುವುದಷ್ಟೇ ಬೇಕಿದ್ದರೆ ಸಿಎಸ್‌ಎಸ್ ಕೌಂಟರ್ ಸಾಕು.

ನನ್ನ ಸೆಲೆಕ್ಟರ್ ಯಾವುದನ್ನು ಹಿಡೀತಿದೆ ಅಂತ ನೋಡೋದು ಹೇಗೆ?

ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಎಲಿಮೆಂಟ್‌ಗಳ ಪ್ಯಾನೆಲ್‌ನಲ್ಲಿರುವ ಹುಡುಕುವ ಪೆಟ್ಟಿಗೆಗೆ ಸೆಲೆಕ್ಟರನ್ನೇ ಹಾಕಿ. ಎಷ್ಟು ಸಿಕ್ಕವು, ಯಾವುವು ಎಂದು ಒಂದೊಂದಾಗಿ ತೋರಿಸುತ್ತದೆ. ಹುಡುಕುವಾಗಲೇ ಪೇರೆಂಟ್ ಯಾವುದು, ಅದರ ಮಕ್ಕಳು ಯಾರು ಎಂದು ಕಣ್ಣಾರೆ ನೋಡಿ. ಈ ವಿಷಯದ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಬಯಲಾಗುತ್ತವೆ.

## ಇನ್ನೂ ಆಳಕ್ಕೆ

ಆರಿಸಿದ ಸಾಲಿಗೆ `.ಸೆಲೆಕ್ಟೆಡ್` ಕ್ಲಾಸ್ ಹಾಕಿದ್ದೇನೆ. ಬೆಸ ಸಾಲಿಗೆ ಬಣ್ಣ ಬರುತ್ತೆ, ಸಮ ಸಾಲಿಗೆ ಬರಲ್ಲ!

ಇದು ಸ್ಪೆಸಿಫಿಸಿಟಿಯ ಜಗಳ, ಅಂದರೆ ಎರಡು ರೂಲ್ ಎದುರಾದಾಗ ಯಾವುದರ ತೂಕ ಜಾಸ್ತಿ ಅನ್ನುವುದು. ಒಂದು ಸೂಡೋ-ಕ್ಲಾಸ್‌ಗೆ ಒಂದು ಕ್ಲಾಸ್‌ನಷ್ಟೇ ತೂಕ. ಸಾಲು ಬಿಟ್ಟು ಸಾಲಿಗೆ ಪಟ್ಟೆ ಬಣ್ಣ ಕೊಡುವ `ಟಿಆರ್:ಎನ್‌ತ್-ಚೈಲ್ಡ್(ಈವನ್)`ಗೆ ಆ ತೂಕದ ಜೊತೆ ಟ್ಯಾಗ್‌ನ ತೂಕವೂ ಸೇರಿದೆ. `.ಸೆಲೆಕ್ಟೆಡ್`ಗೆ ಕ್ಲಾಸ್‌ನ ತೂಕ ಮಾತ್ರ. ಹಾಗಾಗಿ ಸಮ ಸಾಲುಗಳಲ್ಲಿ ಪಟ್ಟೆಯ ಬಣ್ಣವೇ ಗೆಲ್ಲುತ್ತದೆ. ಬೆಸ ಸಾಲಿನಲ್ಲಿ ಎದುರಾಳಿಯೇ ಇಲ್ಲ, ಅಲ್ಲಿ ನಿಮ್ಮ ಬಣ್ಣ ಕಾಣುತ್ತದೆ.

ಪಟ್ಟೆ ಅನ್ನುವುದು ಹಿನ್ನೆಲೆಯ ಅಲಂಕಾರ. ಅದು ಎಂದೂ ಯಾರ ಜೊತೆಗೂ ಗೆಲ್ಲಬಾರದು. ಅದಕ್ಕೆ `:ವೇರ್(ಟಿಆರ್:ಎನ್‌ತ್-ಚೈಲ್ಡ್(ಈವನ್))` ಎಂದು ಬರೆಯಿರಿ. `:ವೇರ್` ಒಳಗಿದ್ದದ್ದರ ತೂಕ ಸೊನ್ನೆ. ಆಮೇಲೆ ಯಾವ ಕ್ಲಾಸ್ ಹಾಕಿದರೂ ಅದು ಮೇಲೆ ಬರುತ್ತದೆ. ಬಲವಂತವಾಗಿ ಗೆಲ್ಲಿಸುವ `!ಇಂಪಾರ್ಟೆಂಟ್` ಹಾಕುವ ಪ್ರಮೇಯವೇ ಇಲ್ಲ.

ಆಫ್ ರೂಪ ಬಳಸುವವರಿಗೆ: `:ಎನ್‌ತ್-ಚೈಲ್ಡ್(2 ಆಫ್ .ಕಾರ್ಡ್)`ಗೆ ಎರಡು ಕ್ಲಾಸ್‌ಗಳ ತೂಕ. ಆಫ್ ನಂತರದ ಪಟ್ಟಿಯಲ್ಲಿ ಐಡಿ ಇದ್ದರೆ ಅದರ ಭಾರವೂ ಸೇರುತ್ತದೆ, ಸಿಕ್ಕ ಎಲಿಮೆಂಟ್‌ಗೆ ಆ ಐಡಿ ಇಲ್ಲದಿದ್ದರೂ ಕೂಡ.

ಮೂರು ಕಾಲಂ ಗ್ರಿಡ್ ಇದೆ. ಕೊನೆಯ ಸಾಲಿನ ಐಟಂಗಳಿಗೆ ಕೆಳಗಿನ ಗೆರೆ ಬೇಡ. ಆದರೆ ಕೊನೆ ಸಾಲಿನಲ್ಲಿ ಒಂದಿರಬಹುದು, ಎರಡಿರಬಹುದು, ಮೂರೂ ಇರಬಹುದು.

ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಏಕೆಂದರೆ ಇಲ್ಲಿ ಮುಂದಿನಿಂದ ಎಣಿಸುವುದೂ ಹಿಂದಿನಿಂದ ಎಣಿಸುವುದೂ ಕೈಜೋಡಿಸುತ್ತವೆ.

ಬರೀ `:ಎನ್‌ತ್-ಲಾಸ್ಟ್-ಚೈಲ್ಡ್(-ಎನ್+3)` ಹಾಕಿದರೆ ಕೊನೆಯ ಮೂರು ಸಿಗುತ್ತವೆ. ಏಳು ಐಟಂ ಇದ್ದರೆ ಅವು 5, 6, 7. ಆದರೆ ಐದು ಮತ್ತು ಆರು ಮೇಲಿನ ಸಾಲಿನವು. ನಮಗೆ ಬೇಕಾದದ್ದು ಕೊನೆಯ ಸಾಲು ಎಲ್ಲಿ ಶುರುವಾಗುತ್ತದೆ ಅನ್ನುವುದು. ಪ್ರತಿ ಸಾಲಿನ ಮೊದಲ ಐಟಂ `3ಎನ್+1` ಸ್ಥಾನದಲ್ಲಿರುತ್ತದೆ. ಕೊನೆಯ ಸಾಲಿನ ಮೊದಲ ಐಟಂ ಕೊನೆಯ ಮೂರರೊಳಗೆ ಇರಲೇಬೇಕು. ಎರಡನ್ನೂ ಜೋಡಿಸಿ:

`ಎಲ್‌ಐ:ಎನ್‌ತ್-ಚೈಲ್ಡ್(3ಎನ್+1):ಎನ್‌ತ್-ಲಾಸ್ಟ್-ಚೈಲ್ಡ್(-ಎನ್+3)`

ಏಳಿದ್ದರೆ ಸಾಲಿನ ಆರಂಭಗಳು 1, 4, 7. ಕೊನೆಯ ಮೂರು 5, 6, 7. ಎರಡರಲ್ಲೂ ಇರುವುದು 7 ಮಾತ್ರ. ಎಂಟಿದ್ದರೆ ಕೊನೆಯ ಮೂರು 6, 7, 8. ಮತ್ತೆ 7. ಒಂಬತ್ತಿದ್ದರೂ 7. ಯಾವಾಗಲೂ ಒಂದೇ ಎಲಿಮೆಂಟ್ ಸಿಗುತ್ತದೆ, ಅದು ಕೊನೆಯ ಸಾಲಿನ ಆರಂಭ. ಈಗ ಅದೇ ಸೆಲೆಕ್ಟರನ್ನು ಇನ್ನೊಮ್ಮೆ ಬರೆದು ಅದರ ಕೊನೆಗೆ `~ ಎಲ್‌ಐ` ಸೇರಿಸಿ. ಆರಂಭದ್ದೂ ಅದರ ನಂತರದವೂ ಸೇರಿದರೆ ಪೂರ್ತಿ ಕೊನೆಯ ಸಾಲು. ಅವಕ್ಕೆ ಗೆರೆ ತೆಗೆಯಿರಿ.

ಇದರ ಚಿಕ್ಕ ರೂಪವೊಂದಿದೆ. ಕೊನೆಯ ಸಾಲಿನಲ್ಲಿ ಒಂದೇ ಉಳಿದಾಗ ಅದು ಪೂರ್ತಿ ಅಗಲ ಹರಡಲಿ ಎಂದಾದರೆ `ಎಲ್‌ಐ:ಲಾಸ್ಟ್-ಚೈಲ್ಡ್:ಎನ್‌ತ್-ಚೈಲ್ಡ್(3ಎನ್+1)` ಬರೆದು `ಗ್ರಿಡ್-ಕಾಲಂ: 1 / -1` ಕೊಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಕಾಲಂಗಳ ಸಂಖ್ಯೆ ನಿಮಗೆ ಗೊತ್ತಿರುವಾಗ ಮಾತ್ರ ಇದು ಸರಿ. `ಆಟೋ-ಫಿಲ್` ಬಳಸಿ ಪರದೆಯ ಅಗಲಕ್ಕೆ ತಕ್ಕಂತೆ ಕಾಲಂ ಬದಲಾಗುವಂತಿದ್ದರೆ ಸೆಲೆಕ್ಟರ್‌ಗೆ ಅದು ತಿಳಿಯುವುದಿಲ್ಲ. ಅಲ್ಲಿ ಮೀಡಿಯಾ ಕ್ವೆರಿಯೊಳಗೆ (ಪರದೆಯ ಅಗಲ ನೋಡಿ ಅನ್ವಯವಾಗುವ ರೂಲ್‌ಗಳ ಗುಂಪಿನೊಳಗೆ) ಕಾಲಂ ಸಂಖ್ಯೆ ನಿಗದಿ ಮಾಡಿ, ಪ್ರತಿಯೊಂದಕ್ಕೂ ಅದರದೇ ಸೂತ್ರ ಬರೆಯಬೇಕು.

ಐದಕ್ಕಿಂತ ಜಾಸ್ತಿ ಐಟಂ ಇದ್ದರೆ ಲಿಸ್ಟನ್ನು ಎರಡು ಕಾಲಂ ಮಾಡಬೇಕು. ಸಿಎಸ್‌ಎಸ್‌ಗೆ ಸಂಖ್ಯೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. `ಯುಎಲ್:ಹ್ಯಾಸ್(> ಎಲ್‌ಐ:ಎನ್‌ತ್-ಚೈಲ್ಡ್(6))` ಎಂದರೆ ಆರನೇ ಮಗು ಇರುವ ಲಿಸ್ಟ್. ಆರನೆಯದು ಇದೆ ಎಂದರೆ ಐದಕ್ಕಿಂತ ಜಾಸ್ತಿ ಇವೆ ಎಂದೇ ಅರ್ಥ. ಸರಿಯಾಗಿ ಆರೇ ಇರಬೇಕಿದ್ದರೆ ಅದಕ್ಕೆ `:ಲಾಸ್ಟ್-ಚೈಲ್ಡ್` ಅಂಟಿಸಿ.

`:ಹ್ಯಾಸ್` ಇಲ್ಲದ ಕಾಲದಲ್ಲಿ `ಎಲ್‌ಐ:ಫಸ್ಟ್-ಚೈಲ್ಡ್:ಎನ್‌ತ್-ಲಾಸ್ಟ್-ಚೈಲ್ಡ್(ಎನ್+6)` ಎಂದು ಬರೆಯುತ್ತಿದ್ದರು. ಮೊದಲನೆಯದಾಗಿದ್ದೂ ಕೊನೆಯಿಂದ ಆರನೆಯದೋ ಅದಕ್ಕಿಂತ ಹಿಂದಿನದೋ ಆಗಿದ್ದರೆ ಲಿಸ್ಟಿನಲ್ಲಿ ಕನಿಷ್ಠ ಆರು ಇವೆ ಅನ್ನುವ ತರ್ಕ. ಜಾಣ ಉಪಾಯ. ಆದರೆ ಅದರಿಂದ ಐಟಂಗಳಿಗೆ ಮಾತ್ರ ಸ್ಟೈಲ್ ಕೊಡಬಹುದಿತ್ತು, ಲಿಸ್ಟಿಗೆ ಅಲ್ಲ.

ಮುಂದಿನ ಸಿಬ್ಲಿಂಗ್‌ಗೆ `+` ಇದೆ. ಹಿಂದಿನದಕ್ಕೆ?

ಅದಕ್ಕೂ `:ಹ್ಯಾಸ್`. `ಎಲ್‌ಐ:ಹ್ಯಾಸ್(+ ಎಲ್‌ಐ:ಹೋವರ್)` ಎಂದರೆ ಮೌಸ್ ಇರುವ ಐಟಂನ ಹಿಂದಿನದು. `+` ಬದಲು `~` ಹಾಕಿದರೆ ಹಿಂದಿನ ಎಲ್ಲವೂ. ನಕ್ಷತ್ರ ಕೊಡುವ ರೇಟಿಂಗ್‌ಗೆ ಎಚ್‌ಟಿಎಂಎಲ್‌ನಲ್ಲಿ ನಕ್ಷತ್ರಗಳನ್ನು ಉಲ್ಟಾ ಬರೆಯುತ್ತಿದ್ದರಲ್ಲ, ಅದು ಇನ್ನು ಬೇಕಿಲ್ಲ. ಸಫಾರಿ ಮತ್ತು ಕ್ರೋಮ್‌ನಲ್ಲಿ `:ಹ್ಯಾಸ್` 2022ರಲ್ಲಿ ಬಂತು, ಫೈರ್‌ಫಾಕ್ಸ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ.

ಐಟಂಗಳು ಒಂದಾದ ಮೇಲೊಂದು ಮೂಡಿ ಬರಬೇಕು. ಅದಕ್ಕೆ ಇಪ್ಪತ್ತು ಎನ್‌ತ್-ಚೈಲ್ಡ್ ರೂಲ್ ಬರೆಯಬೇಕಾ?

ಇಷ್ಟು ದಿನ ಹಾಗೇ ಬರೆಯುತ್ತಿದ್ದರು, ಇಲ್ಲವೇ ಪ್ರತಿ ಟ್ಯಾಗ್‌ಗೂ ಇನ್‌ಲೈನ್ ವೇರಿಯಬಲ್ ಹಾಕುತ್ತಿದ್ದರು. ಸೂಡೋ-ಕ್ಲಾಸ್ ಒಂದು ಸ್ಥಾನವನ್ನು ಹಿಡಿಯುತ್ತದೆಯೇ ಹೊರತು ಆ ಸ್ಥಾನದ ಸಂಖ್ಯೆಯನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಆ ಕೊರತೆ ತುಂಬಲು `ಸಿಬ್ಲಿಂಗ್-ಇಂಡೆಕ್ಸ್()` ಮತ್ತು `ಸಿಬ್ಲಿಂಗ್-ಕೌಂಟ್()` ಎಂಬ ಎರಡು ಫಂಕ್ಷನ್ ಬಂದಿವೆ. ಕ್ರೋಮ್ 138ರಿಂದ, ಅಂದರೆ 2025ರಿಂದ, ಇವನ್ನು ಬಳಸಬಹುದು. ಅನಿಮೇಷನ್‌ನ ಡಿಲೇಗೆ `ಕ್ಯಾಲ್ಕ್((ಸಿಬ್ಲಿಂಗ್-ಇಂಡೆಕ್ಸ್() - 1) * 80ಎಂಎಸ್)` ಎಂದು ಒಂದೇ ಸಾಲು ಬರೆದರೆ ಎಷ್ಟು ಐಟಂ ಇದ್ದರೂ ಸರಿ. ಒಂದು ಕಳೆದದ್ದು ಯಾಕೆಂದರೆ ಎಣಿಕೆ ಒಂದರಿಂದ ಶುರು, ಮೊದಲನೆಯದು ಕಾಯಬಾರದು.

ಈ ಫಂಕ್ಷನ್ ಗೊತ್ತಿಲ್ಲದ ಬ್ರೌಸರ್‌ನಲ್ಲಿ ಆ ಸಾಲು ಮಾತ್ರ ಬಿದ್ದುಹೋಗುತ್ತದೆ, ಎಲ್ಲ ಐಟಂಗಳೂ ಒಟ್ಟಿಗೆ ಮೂಡುತ್ತವೆ. ನೋಡುವವರಿಗೆ ಅದರಿಂದ ನಷ್ಟವಿಲ್ಲ. ಹಾಗಾಗಿ ಧೈರ್ಯವಾಗಿ ಬಳಸಿ.

ಪಟ್ಟೆ ಬಣ್ಣ ಪ್ರಿಂಟ್‌ನಲ್ಲಿ ಬರ್ತಿಲ್ಲ. ಸೆಲೆಕ್ಟರ್ ತಪ್ಪಾ?

ಸೆಲೆಕ್ಟರ್ ಸರಿಯಾಗಿಯೇ ಇದೆ. ಶಾಯಿ ಉಳಿಸಲು ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಬಣ್ಣವನ್ನು ಪ್ರಿಂಟ್ ಮಾಡುವುದಿಲ್ಲ. `ಪ್ರಿಂಟ್-ಕಲರ್-ಅಡ್ಜಸ್ಟ್: ಎಕ್ಸಾಕ್ಟ್` ಕೊಟ್ಟು ಕೇಳಿಕೊಳ್ಳಬಹುದು. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್ ಬಳಸುವವರಿಗೂ ಈ ಪಟ್ಟೆ ಕಾಣುವುದಿಲ್ಲ. ಅದಕ್ಕೇ ಸಾಲುಗಳ ನಡುವೆ ಒಂದು ತೆಳು ಗೆರೆಯನ್ನೂ ಇಡಿ. ಗೆರೆ ಎರಡೂ ಕಡೆ ಉಳಿಯುತ್ತದೆ.

ಸಾವಿರಾರು ಸಾಲು ಇದ್ದರೆ ಇದರಿಂದ ಪುಟ ನಿಧಾನ ಆಗುತ್ತಾ?

ಸಾಮಾನ್ಯ ಪುಟದಲ್ಲಿ ಗೊತ್ತಾಗುವುದೇ ಇಲ್ಲ. ಗಮನ ಕೊಡಬೇಕಾದದ್ದು ಒಂದೇ ಸಂದರ್ಭದಲ್ಲಿ: ಉದ್ದನೆಯ ಲಿಸ್ಟಿನ ಮೇಲ್ತುದಿಗೆ ಪದೇ ಪದೇ ಹೊಸ ಸಾಲು ಸೇರಿಸುತ್ತಿದ್ದರೆ. ಮೇಲೆ ಒಂದು ಬಂದರೆ ಕೆಳಗಿನ ಎಲ್ಲರ ಸ್ಥಾನವೂ ಬದಲಾಗುತ್ತದೆ, ಬ್ರೌಸರ್ ಎಲ್ಲರ ಸ್ಟೈಲನ್ನೂ ಮತ್ತೆ ನೋಡಬೇಕಾಗುತ್ತದೆ. ಅಂಥ ಕಡೆ ಹೊಸ ಸಾಲುಗಳನ್ನು ಒಂದೊಂದಾಗಿ ಹಾಕದೆ ಒಟ್ಟಿಗೆ ಹಾಕಿ. ಅದಕ್ಕೂ ಮುಂಚೆ ಡೆವಲಪರ್ ಟೂಲ್ಸ್‌ನ ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ಅಳೆದು ನೋಡಿ. ನಿಧಾನಕ್ಕೆ ಕಾರಣ ಬೇರೆಯೇ ಏನೋ ಇರುವ ಸಾಧ್ಯತೆ ಜಾಸ್ತಿ.